ಶಂಬಾ ಮತ್ತು ದೇವರಗುಡ್ಡದ ಕಾರಣಿಕ

ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡದಲ್ಲಿ ದಸರಾ ಹೊತ್ತಿಗೆ ಗೊರವಯ್ಯ ಬಿಲ್ಲನ್ನೇರಿ ಒಂದೇ ಸಾಲಿನ ಕಾರಣಿಕ ನುಡಿಯುತ್ತಾರೆ. ಮೈಲಾರನ ಕುರಿತ ನನ್ನ ಪಿಎಚ್.ಡಿ. ಪ್ರಬಂಧದಲ್ಲಿ ಅದನ್ನು 'ಪುರಾಣದ ಪಳೆಯುಳಿಕೆ' ಎಂದು ಬರೆದಿದ್ದೆ.

ಶಂ. ಬಾ. ಜೋಶಿಯವರು ಹಾಗೆ ಬರೆಯುತ್ತಿರಲಿಲ್ಲ. 1896ರಲ್ಲಿ ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ ಹುಟ್ಟಿದ ಶಂಬಾ ಧಾರವಾಡದಲ್ಲಿ ಶಾಲಾ ಮಾಸ್ತರರಾಗಿದ್ದರು; ಮಾನವಶಾಸ್ತ್ರದ ಪದವೀಧರರಲ್ಲ. ಆದರೂ ಪದಗಳ ಬೇರು ಹಿಡಿದು ಪುರಾಣದೊಳಗೆ ಇಳಿದರು. ಅವರಿಗೆ ಪುರಾಣ ಕಟ್ಟುಕತೆಯಲ್ಲ, ಒಂದು ಜನಾಂಗ ಬದುಕನ್ನು ಅರ್ಥಮಾಡಿಕೊಂಡ ಬಗೆ. 1960ರ 'ಹಾಲುಮತ ದರ್ಶನ'ದಲ್ಲಿ ಕುರುಬರ ನಂಬಿಕೆಗಳಲ್ಲೇ ಕನ್ನಡ ಸಂಸ್ಕೃತಿಯ ತಳಹದಿಯನ್ನು ಹುಡುಕಿದರು. ಅಂಚಿನಲ್ಲಿದ್ದ ಕುರಿಗಾಹಿ ಇತಿಹಾಸದ ನಡುಮನೆಗೆ ಬಂದ. 1970ರಲ್ಲಿ ಈ ಮಾಸ್ತರರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು.

ಇದೆಲ್ಲ ಓದಿ ಗೊತ್ತಿತ್ತು. ತಿಳಿದದ್ದು ಬ್ಯಾಡಗಿ ಮಾರುಕಟ್ಟೆಯಲ್ಲಿ. ಮೆಣಸಿನಕಾಯಿ ಚೀಲದ ಮೇಲೆ ಕೂತಿದ್ದ ಹಿರಿಯ ರೈತರೊಬ್ಬರು, "ದಸರಾದಾಗ ಕಾರಣಿಕ ಏನ್ ಹೇಳಿತ್ತೋ, ರೇಟು ಹಂಗ ಆತು ನೋಡ್ರಿ" ಎಂದರು. ನಾನು ಪಳೆಯುಳಿಕೆ ಅಂದದ್ದರಲ್ಲಿ ಅವರು ತಮ್ಮ ವರ್ಷವನ್ನೇ ಓದುತ್ತಿದ್ದರು. ಕಾರಣಿಕ ನಿಜವಾಯಿತೇ ಎಂಬುದು ನನ್ನ ಪ್ರಶ್ನೆಯಲ್ಲ. ಜನ ಅದರಿಂದ ಏನು ಮಾಡಿಕೊಳ್ಳುತ್ತಾರೆ ಎಂಬುದೇ ಪ್ರಶ್ನೆ.

ಆ ರಾತ್ರಿ ಹಾವೇರಿಯ ಕೋಣೆಗೆ ಮರಳಿ 'ಪಳೆಯುಳಿಕೆ'ಯನ್ನು ಹೊಡೆದುಹಾಕಿದೆ. ಅಲ್ಲಿ ಬರೆಯಬೇಕಾದ ಪದವಿನ್ನೂ ಸಿಕ್ಕಿಲ್ಲ.