ಮೂರು ರಾಜೀನಾಮೆ, ಒಂದು ಫೋನ್

ಇವತ್ತಿನ ಎಪಿಸೋಡನ್ನ ಹೆಬ್ಬೂರಲ್ಲಿ ಕೂತು ರೆಕಾರ್ಡ್ ಮಾಡ್ತಿದ್ದೀನಿ. ಮೊದಲು ಒಂದು ಪ್ರಶ್ನೆ: ನೀವು ಫೋನಲ್ಲಿ ಆಡೋ ಮಾತನ್ನ ಸರ್ಕಾರ ಕದ್ದು ಕೇಳಿಸ್ಕೊಂಡ್ರೆ? 1988ರಲ್ಲಿ ಇದೇ ಪ್ರಶ್ನೆ ನಮ್ಮ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ಅವರ ಕುರ್ಚಿ ಕಿತ್ಕೊಳ್ತು.

ಹೆಗಡೆ ಸಿದ್ದಾಪುರದ ದೊಡ್ಮನೆಯವರು. 1983ರಲ್ಲಿ ಕರ್ನಾಟಕದ ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿ ಆದರು. ಲೋಕಾಯುಕ್ತ ಕಾನೂನು ತಂದಿದ್ದು ಅವರ ಸರ್ಕಾರವೇ. ಜಿಲ್ಲಾ ಪರಿಷತ್, ಮಂಡಲ ಪಂಚಾಯಿತಿ ಮಾಡಿ ಹಳ್ಳಿಗಳಿಗೆ ಅಧಿಕಾರ ಕೊಟ್ಟಿದ್ದೂ ಅದೇ. ಅದರ ಹಿಂದೆ ದುಡಿದವರು ಮಂತ್ರಿ ನಜೀರ್ ಸಾಬ್.

ಹೆಗಡೆ ಮೂರು ಸಲ ರಾಜೀನಾಮೆ ಕೊಟ್ಟರು. 1984ರ ಲೋಕಸಭಾ ಚುನಾವಣೆಯಲ್ಲಿ ಜನತಾ ಪಕ್ಷಕ್ಕೆ ರಾಜ್ಯದ 28ರಲ್ಲಿ ಸಿಕ್ಕಿದ್ದು 4 ಸೀಟು. ಜನರ ವಿಶ್ವಾಸ ಹೋಯ್ತು ಅಂತ ಹೆಗಡೆ ಕುರ್ಚಿ ಬಿಟ್ಟು ಹೊಸ ಚುನಾವಣೆಗೆ ಹೋದರು. 1985ರಲ್ಲಿ ಜನ ಸ್ಪಷ್ಟ ಬಹುಮತ ಕೊಟ್ಟು ವಾಪಸ್ ಕರೆತಂದರು. 1986ರಲ್ಲಿ ಸಾರಾಯಿ ಬಾಟ್ಲಿಂಗ್ ಗುತ್ತಿಗೆ ವಿಚಾರಕ್ಕೆ ಹೈಕೋರ್ಟ್ ಛೀಮಾರಿ ಹಾಕ್ತು. ಮತ್ತೆ ರಾಜೀನಾಮೆ, ಮೂರೇ ದಿನಕ್ಕೆ ಅದು ವಾಪಸ್.

ಮೂರನೆಯದು ಆಗಸ್ಟ್ 1988. ರಾಜಕಾರಣಿಗಳು, ಉದ್ಯಮಿಗಳ ಫೋನ್ ಕದ್ದಾಲಿಕೆ ಆಗಿದೆ ಅನ್ನೋ ಆರೋಪ ಬಂತು. ಹೆಗಡೆ ಕೆಳಗಿಳಿದರು, ಎಸ್.ಆರ್. ಬೊಮ್ಮಾಯಿ ಬಂದರು. ಮುಂದೆ ಹೆಗಡೆ ಕೇಂದ್ರ ಮಂತ್ರಿ ಆದರು. ಆದರೆ 2004ರಲ್ಲಿ ತೀರಿಕೊಳ್ಳೋವರೆಗೂ ಮುಖ್ಯಮಂತ್ರಿ ಕುರ್ಚಿ ಮತ್ತೆ ಸಿಗಲಿಲ್ಲ.

ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಇದು ಉಲ್ಟಾ ಆಯ್ತು. 2008ರಲ್ಲಿ ಅಲ್ಲಿನ ಗವರ್ನರ್ ರಾಡ್ ಬ್ಲಾಗೊಯೆವಿಚ್ ಸಿಕ್ಕಿಬಿದ್ದಿದ್ದೇ ಫೋನ್ ಕದ್ದಾಲಿಕೆಯಿಂದ. ಆದರೆ ಅಲ್ಲಿ ಎಫ್‌ಬಿಐ ಮೊದಲು ಕೋರ್ಟ್ ಅನುಮತಿ ತಗೊಂಡಿತ್ತು.

ನಮ್ಮಲ್ಲಿ? 1996ರಲ್ಲಿ ಸುಪ್ರೀಂ ಕೋರ್ಟ್, ಫೋನ್ ಮಾತು ಖಾಸಗಿತನದ ಭಾಗ ಅಂತ ಹೇಳಿ ಕೆಲವು ಕಡಿವಾಣ ಹಾಕ್ತು. ಆದರೂ ಆದೇಶ ಕೊಡೋದು ಗೃಹ ಕಾರ್ಯದರ್ಶಿ, ಜಡ್ಜ್ ಅಲ್ಲ. ಸರ್ಕಾರ ಕೇಳ್ಕೊಳ್ಳೋದು, ಸರ್ಕಾರವೇ ಒಪ್ಪಿಗೆ ಕೊಡೋದು.

ಹೆಗಡೆ ಆರೋಪ ಬಂದಾಗ ಕುರ್ಚಿ ಬಿಟ್ಟರಲ್ಲ, ಅದು ದೊಡ್ಡದು ಅಂತ ನನಗೂ ಅನ್ಸುತ್ತೆ. ಆದರೆ ಅವತ್ತು ಹೋಗಿದ್ದು ಒಬ್ಬ ಮನುಷ್ಯ ಮಾತ್ರ. ಕದ್ದು ಕೇಳೋ ಅಧಿಕಾರ ಕುರ್ಚಿ ಹತ್ರನೇ ಉಳೀತು. ಆಗ ಹಳ್ಳೀಲಿ ಫೋನ್ ಇದ್ದ ಮನೆ ಬೆರಳೆಣಿಕೆ. ಈಗ ಎಲ್ಲರ ಜೇಬಲ್ಲೂ ಇದೆ. ಹಾಗಾಗಿ ಇದು ಬರೀ ಹಳೇ ಕಥೆ ಅಲ್ಲ. ಮುಂದಿನ ವಾರ ಸಿಗೋಣ.