ಸೂಲಗಿತ್ತಿ ನರಸಮ್ಮ

ಸೂಲಗಿತ್ತಿ ನರಸಮ್ಮ (೧೯೨೦ – ೨೫ ಡಿಸೆಂಬರ್ ೨೦೧೮) ಅವರು ಕರ್ನಾಟಕದ ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನವರಾದ ಸಾಂಪ್ರದಾಯಿಕ ಹೆರಿಗೆ ತಜ್ಞೆ ಹಾಗೂ ಸಮಾಜಸೇವಕಿ. ಸುಮಾರು ಏಳು ದಶಕಗಳ ಕಾಲ ಯಾವುದೇ ಪ್ರತಿಫಲವನ್ನು ಅಪೇಕ್ಷಿಸದೆ ೧೫,೦೦೦ಕ್ಕೂ ಹೆಚ್ಚು ಹೆರಿಗೆಗಳನ್ನು ಮಾಡಿಸಿದವರೆಂದು ಇವರು ಪ್ರಸಿದ್ಧರು. ೨೦೧೮ರಲ್ಲಿ ಭಾರತ ಸರ್ಕಾರವು ಇವರಿಗೆ ಪದ್ಮಶ್ರೀ ಪ್ರಶಸ್ತಿಯನ್ನು ನೀಡಿ ಗೌರವಿಸಿತು.

ಹೆಸರಿನ ಹಿನ್ನೆಲೆ

‘ಸೂಲು’ ಎಂದರೆ ಹೆರಿಗೆ. ಹೂವಾಡಗಿತ್ತಿ, ಒಕ್ಕಲಗಿತ್ತಿ ಎಂಬ ಪದಗಳಲ್ಲಿರುವ ಸ್ತ್ರೀವಾಚಕ ಪ್ರತ್ಯಯವೇ ಇಲ್ಲಿಯೂ ಇದೆ. ಕಸುಬನ್ನು ಸೂಚಿಸುವ ಈ ಪದವು ನರಸಮ್ಮನವರ ವಿಷಯದಲ್ಲಿ ಹೆಸರಿನ ಭಾಗವೇ ಆಗಿಹೋಯಿತು. ಪದ್ಮ ಪ್ರಶಸ್ತಿಗಳ ಪಟ್ಟಿಯಲ್ಲಿಯೂ ಅವರ ಹೆಸರು ಹಾಗೆಯೇ ದಾಖಲಾಗಿದೆ.

ಜೀವನ

ನರಸಮ್ಮ ಹುಟ್ಟಿದ್ದು ಕೃಷ್ಣಾಪುರ ಎಂಬ ಹಳ್ಳಿಯಲ್ಲಿ. ಪಾವಗಡವು ಬಹುಪಾಲು ಆಂಧ್ರಪ್ರದೇಶದಿಂದ ಸುತ್ತುವರಿದ, ಮಳೆ ಕಡಿಮೆಯಿರುವ ಬಯಲುಸೀಮೆ. ತೆಲುಗು ಅಲ್ಲಿನ ಅನೇಕ ಮನೆಗಳ ಮಾತು. ನರಸಮ್ಮನವರಿಗೆ ಶಾಲೆಯ ವಿದ್ಯಾಭ್ಯಾಸ ದೊರೆಯಲಿಲ್ಲ. ಹನ್ನೆರಡನೆಯ ವಯಸ್ಸಿನಲ್ಲಿಯೇ ಅಂಜಿನಪ್ಪ ಎಂಬುವರೊಂದಿಗೆ ವಿವಾಹವಾಯಿತು. ದಂಪತಿಗೆ ಹುಟ್ಟಿದ ಹನ್ನೆರಡು ಮಕ್ಕಳಲ್ಲಿ ನಾಲ್ವರು ಎಳವೆಯಲ್ಲಿಯೇ ತೀರಿಕೊಂಡರು.

ಸೂಲಗಿತ್ತಿಯಾಗಿ

ಅಜ್ಜಿ ಮರಿಗೆಮ್ಮ ಇವರ ಗುರು. ಸ್ವತಃ ಸೂಲಗಿತ್ತಿಯಾಗಿದ್ದ ಅಜ್ಜಿ ನರಸಮ್ಮನವರ ಐದು ಹೆರಿಗೆಗಳನ್ನು ಮಾಡಿಸಿದ್ದರು. ಅಂದರೆ ಕಲಿಯುವವಳು ಈ ವಿದ್ಯೆಯನ್ನು ಅರಿತದ್ದು ಮೊದಲಿಗೆ ತನ್ನ ಮೈಯಿಂದಲೇ. ೧೯೪೦ರಲ್ಲಿ, ಇಪ್ಪತ್ತರ ಪ್ರಾಯದಲ್ಲಿ, ಬಂಧುವೊಬ್ಬರ ಹೆರಿಗೆಗೆ ನೆರವಾಗುವ ಮೂಲಕ ಅವರ ಸೇವೆ ಆರಂಭವಾಯಿತು. ಗರ್ಭಿಣಿಯರಿಗೆ ಬೇಕಾದ ನಾಟಿ ಔಷಧಿಗಳನ್ನು ತಯಾರಿಸುವುದನ್ನೂ ಅವರು ಕಲಿತರು. ಯಾವ ಉಪಕರಣವೂ ಇಲ್ಲದೆ, ಹೊಟ್ಟೆಯನ್ನು ಮುಟ್ಟಿ ನೋಡಿಯೇ ಶಿಶುವಿನ ಸ್ಥಿತಿಗತಿಯನ್ನು ಗ್ರಹಿಸಬಲ್ಲವರೆಂಬುದು ಅವರ ಖ್ಯಾತಿಗೆ ಮುಖ್ಯ ಕಾರಣ.

ಹದಿನೈದು ಸಾವಿರವೆಂಬ ಸಂಖ್ಯೆಯನ್ನು ಎಪ್ಪತ್ತು ವರ್ಷಗಳಿಗೆ ಹಂಚಿ ನೋಡಿದರೆ ವಾರಕ್ಕೆ ಸರಾಸರಿ ನಾಲ್ಕು ಹೆರಿಗೆಗಳಾಗುತ್ತವೆ. ಅಕ್ಷರ ಬಾರದ ಸೂಲಗಿತ್ತಿ ರಿಜಿಸ್ಟರ್ ಇಡುವುದಿಲ್ಲವಾದ್ದರಿಂದ ಇದನ್ನು ಎಣಿಕೆ ಎನ್ನುವುದಕ್ಕಿಂತ ಅಂದಾಜು ಎನ್ನುವುದೇ ಸರಿ. ಸಂಖ್ಯೆ ಏನೇ ಇರಲಿ, ರಸ್ತೆ, ವಾಹನ, ಆಸ್ಪತ್ರೆ ಯಾವುದೂ ಹತ್ತಿರವಿಲ್ಲದ ಹಳ್ಳಿಗಳಲ್ಲಿ ನಡುರಾತ್ರಿ ನೋವು ಕಾಣಿಸಿಕೊಂಡಾಗ ಕರೆಯಬಹುದಾಗಿದ್ದುದು ಇಂತಹವರನ್ನೇ. ಅತಿಯಾದ ರಕ್ತಸ್ರಾವ, ನಂಜು ಮೊದಲಾದ ಅಪಾಯಗಳಿಗೆ ಮನೆಯ ಹೆರಿಗೆಯಲ್ಲಿ ಸಾಕಷ್ಟು ಪರಿಹಾರವಿರಲಿಲ್ಲ ಎಂಬುದನ್ನು ಮರೆಯಬಾರದು. ೨೦೦೫ರಲ್ಲಿ ಬಂದ ಜನನಿ ಸುರಕ್ಷಾ ಯೋಜನೆ, ಆಶಾ ಕಾರ್ಯಕರ್ತೆಯರು ಮತ್ತು ೧೦೮ ಆಂಬ್ಯುಲೆನ್ಸ್ ಸೇವೆಯಿಂದ ಹೆರಿಗೆಗಳು ಆಸ್ಪತ್ರೆಗೆ ಸ್ಥಳಾಂತರಗೊಂಡವು. ಸೂಲಗಿತ್ತಿಯರ ಕಸುಬು ಕ್ಷೀಣಿಸಿತು. ಅವರ ತಿಳಿವಳಿಕೆಯನ್ನು ಯಾರೂ ಬರೆದಿಡದ ಕಾರಣ ಬಹುಪಾಲು ಅವರೊಂದಿಗೇ ಹೋಯಿತು. ನರಸಮ್ಮನವರು ಮಗಳೂ ಸೇರಿದಂತೆ ಅನೇಕ ಮಹಿಳೆಯರಿಗೆ ಈ ವಿದ್ಯೆಯನ್ನು ಕಲಿಸಿದ್ದು ಆ ದೃಷ್ಟಿಯಿಂದ ಮಹತ್ವದ್ದು.

ಪ್ರಶಸ್ತಿ, ಗೌರವಗಳು

ಸಾರ್ವಜನಿಕ ಮನ್ನಣೆ ಬಂದದ್ದು ತೊಂಬತ್ತು ದಾಟಿದ ಮೇಲೆ. ಡಿ. ದೇವರಾಜ ಅರಸು ಪ್ರಶಸ್ತಿ (೨೦೧೨), ಕಿತ್ತೂರು ರಾಣಿ ಚೆನ್ನಮ್ಮ ಪ್ರಶಸ್ತಿ ಮತ್ತು ಕರ್ನಾಟಕ ರಾಜ್ಯೋತ್ಸವ ಪ್ರಶಸ್ತಿ (೨೦೧೩) ಅವರಿಗೆ ಸಂದವು. ೨೦೧೪ರಲ್ಲಿ ತುಮಕೂರು ವಿಶ್ವವಿದ್ಯಾನಿಲಯವು ಶಾಲೆಯ ಮೆಟ್ಟಿಲು ಹತ್ತದ ಈ ಹಿರಿಯರಿಗೆ ಗೌರವ ಡಾಕ್ಟರೇಟ್ ಪದವಿಯನ್ನು ನೀಡಿತು.

ನಿಧನ

ಶ್ವಾಸಕೋಶದ ತೊಂದರೆಯಿಂದ ಬಳಲುತ್ತಿದ್ದ ನರಸಮ್ಮ, ಪದ್ಮಶ್ರೀ ಸ್ವೀಕರಿಸಿದ ವರ್ಷದಲ್ಲಿಯೇ ಡಿಸೆಂಬರ್ ೨೫ರಂದು ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ನಿಧನರಾದರು. ಅವರಿಗೆ ೯೮ ವರ್ಷ ವಯಸ್ಸಾಗಿತ್ತು.