ಬಸುರಿಯ ಬಿಳುಪು

ಕಾಳಿದಾಸನ ರಘುವಂಶವನ್ನು ಓದಿದವರಿಗೆ ಅದರ ಮೂರನೆಯ ಸರ್ಗದ ಆರಂಭವು ನೆನಪಿರಬಹುದು. ದಿಲೀಪನ ರಾಣಿ ಸುದಕ್ಷಿಣೆ ತುಂಬಿದ ಬಸುರಿ. ಆಕೆಯ ಮೈ ಸೊರಗಿದೆ. ಮುಖವು ಲೋಧ್ರಪುಷ್ಪದಂತೆ ಬಿಳುಪೇರಿದೆ. ಆಕೆ ಮರೆಯಲ್ಲಿ ಮಣ್ಣು ತಿಂದಿರುವುದು ಬಾಯಿಯ ಕಂಪಿನಿಂದಲೇ ಅರಸನಿಗೆ ತಿಳಿದುಹೋಗುತ್ತದೆ. ಅರಸನಿಗೂ ಸಂತೋಷ, ಕವಿಗೂ ಸಂತೋಷ, ಓದುವ ನಮಗೂ ಸಂತೋಷ. ಕಾವ್ಯದಲ್ಲಿ ಅದು ಸರಿಯೆ. ಆದರೆ ಅದೇ ಶ್ಲೋಕಗಳನ್ನು ವೈದ್ಯರೊಬ್ಬರ ಕೈಗೆ ಕೊಟ್ಟು ನೋಡಿ. ಮುಖದ ಬಿಳುಪು, ಮೈಯ ನಿತ್ರಾಣ, ಮಣ್ಣಿನ ಬಯಕೆ, ಈ ಮೂರೂ ಒಂದೆಡೆ ಕೂಡಿದುದನ್ನು ಕಂಡೊಡನೆ ಅವರು ರಾಣಿಯ ರಕ್ತಪರೀಕ್ಷೆಯಾಗಲೆಂದಾರು!

ನಮ್ಮ ಪೂರ್ವದ ವೈದ್ಯರು ಇದನ್ನು ಅರಿಯದವರಲ್ಲ. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಪಾಂಡುರೋಗಕ್ಕೆಂದೇ ಒಂದು ಅಧ್ಯಾಯವುಂಟು. ಪಾಂಡುವೆಂದರೆ ಬಿಳಿಚಿದ ಬಣ್ಣ; ಮಹಾಭಾರತದ ಪಾಂಡುವಿಗೆ ಆ ಹೆಸರು ಬಂದ ಕಾರಣವನ್ನು ತಾವು ಬಲ್ಲಿರಿ. ಮಣ್ಣು ತಿನ್ನುವುದರಿಂದ ಉಂಟಾಗುವ ಪಾಂಡುವನ್ನು ಆ ಗ್ರಂಥದಲ್ಲಿ ಬೇರೆಯಾಗಿ ಎಣಿಸಿದೆ. ಔಷಧಗಳ ಸಾಲಿನಲ್ಲಿ ಲೋಹವೂ, ಮಂಡೂರವೆಂಬ ಕಬ್ಬಿಣದ ಕಿಟ್ಟವೂ ಬರುತ್ತವೆ. ಇಂದಿನ ವೈದ್ಯಶಾಸ್ತ್ರವು ಇದಕ್ಕೆ ಇನ್ನೊಂದು ಮಾತನ್ನು ಸೇರಿಸುತ್ತದೆ. ದೇಹದಲ್ಲಿ ಕಬ್ಬಿಣದ ಅಂಶ ಕಡಮೆಯಾದವರಿಗೇ ಮಣ್ಣು, ಬಳಪ, ಹಸಿ ಅಕ್ಕಿ ಇವುಗಳ ಬಯಕೆ ಹುಟ್ಟುವುದು ಹೆಚ್ಚು. ತಿಂದ ಮಣ್ಣಾದರೂ ಅನ್ನದೊಳಗಿನ ಕಬ್ಬಿಣವನ್ನು ಮೈಗೆ ಹತ್ತಗೊಡದೆ ಕೊರತೆಯನ್ನು ಮತ್ತಷ್ಟು ಬೆಳೆಸುತ್ತದೆ. ಆದುದರಿಂದ ಮನೆಯ ಬಸುರಿ ಬಳಪ ಕಡಿಯುತ್ತಿದ್ದರೆ ನಕ್ಕು ಸುಮ್ಮನಾಗತಕ್ಕದ್ದಲ್ಲ.

ಬಿಳುಪೆಲ್ಲವೂ ಕಬ್ಬಿಣದ ಕೊರತೆಯಿಂದಲೇ ಬಂದುದಲ್ಲ. ಇನ್ನೊಂದು ಬಗೆಯ ಬಿಳುಪುಂಟು. ಅದರ ಕಾರಣವು ಜಗತ್ತಿಗೆ ತಿಳಿದು ಇನ್ನೂ ನೂರು ವರ್ಷವಾಗಿಲ್ಲ. ಅದರ ಜಾಡು ಹಿಡಿದದ್ದು ನಮ್ಮ ದೇಶದಲ್ಲಿ, ಮುಂಬಯಿಯ ಬಡ ಗರ್ಭಿಣಿಯರ ನಡುವೆ. ಹಿಡಿದವರು ಒಬ್ಬ ಹೆಂಗಸು.

ಆಕೆಯ ಹೆಸರು ಲೂಸಿ ವಿಲ್ಸ್. ೧೮೮೮ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಪಟ್ಟಣದ ಸಮೀಪದಲ್ಲಿ ಹುಟ್ಟಿದವರು. ಕೇಂಬ್ರಿಜ್ಜಿನಲ್ಲಿ ಸಸ್ಯಶಾಸ್ತ್ರವನ್ನೂ ಭೂವಿಜ್ಞಾನವನ್ನೂ ಓದಿ ೧೯೧೧ರಲ್ಲಿ ಪರೀಕ್ಷೆ ಮುಗಿಸಿದರು. ಪರೀಕ್ಷೆ ಮುಗಿಯಿತು, ಪದವಿ ದೊರೆಯಲಿಲ್ಲ. ಆ ವಿಶ್ವವಿದ್ಯಾನಿಲಯವು ಹೆಂಗಸರಿಗೆ ಪೂರ್ಣ ಪದವಿಯನ್ನು ಕೊಡಲೊಪ್ಪಿದ್ದು ೧೯೪೮ರಲ್ಲಿ. ಸ್ವಾತಂತ್ರ್ಯ ಪಡೆಯುವುದರಲ್ಲಿ ನಮ್ಮ ದೇಶವೇ ಅವರಿಗಿಂತ ಒಂದು ವರ್ಷ ಮುಂದಾಯಿತೆನ್ನಬೇಕು! ಆಮೇಲೆ ಆಕೆ ಲಂಡನ್ನಿನಲ್ಲಿ ಹೆಂಗಸರಿಗಾಗಿಯೇ ಇದ್ದ ವೈದ್ಯಶಾಲೆಯನ್ನು ಸೇರಿ ೧೯೨೦ರಲ್ಲಿ ವೈದ್ಯೆಯಾದರು. ರೋಗಿಗಳ ನಾಡಿ ಹಿಡಿಯುವುದಕ್ಕಿಂತ ಪ್ರಯೋಗಶಾಲೆಯೇ ಅವರಿಗೆ ಒಪ್ಪಿತು.

ಆ ಕಾಲದ ಮುಂಬಯಿಯಲ್ಲಿ ಬಟ್ಟೆಯ ಗಿರಣಿಗಳಲ್ಲಿ ಸಾವಿರಾರು ಹೆಂಗಸರು ದುಡಿಯುತ್ತಿದ್ದರು. ಅವರಲ್ಲಿ ಗರ್ಭಿಣಿಯರಾದ ಎಷ್ಟೋ ಮಂದಿ ಬಿಳಿಚಿ, ಕಾಲು ಊದಿ, ಉಬ್ಬಸಪಡುತ್ತ ಆಸ್ಪತ್ರೆಗೆ ಬರುತ್ತಿದ್ದರು, ಹಲವರು ಹಿಂದಿರುಗುತ್ತಿರಲಿಲ್ಲ. ರಕ್ತವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೆಂಪು ಕಣಗಳು ಸಂಖ್ಯೆಯಲ್ಲಿ ಕಡಮೆ, ಗಾತ್ರದಲ್ಲಿ ಮಾತ್ರ ದೊಡ್ಡವು. ಕಬ್ಬಿಣದ ಕೊರತೆಯಲ್ಲಿ ಕಣಗಳು ಸಣ್ಣವಾಗುತ್ತವೆ, ಇಲ್ಲಿ ತದ್ವಿರುದ್ಧ. ಈ ರೋಗದ ಮೂಲವನ್ನು ಹುಡುಕಬೇಕೆಂದು ಡಾಕ್ಟರ್ ಮಾರ್ಗರೆಟ್ ಬಾಲ್ಫರ್ ಅವರು ವಿಲ್ಸ್ ಅವರನ್ನು ಕರೆಸಿಕೊಂಡರು. ೧೯೨೮ರಲ್ಲಿ ಆಕೆ ಪರೇಲಿನ ಹಾಫ್‌ಕಿನ್ ಸಂಸ್ಥೆಯಲ್ಲಿ ಕೆಲಸಕ್ಕೆ ತೊಡಗಿದರು. ಮುಂದೆ ಕೂನೂರಿನ ಪಾಶ್ಚರ್ ಸಂಸ್ಥೆಯಲ್ಲಿಯೂ, ಮದರಾಸಿನ ಗೋಷಾ ಆಸ್ಪತ್ರೆಯಲ್ಲಿಯೂ ಇದೇ ಕಾರ್ಯವನ್ನು ನಡೆಸಿದರು.

ರೋಗವೆಂದರೆ ಕ್ರಿಮಿಯನ್ನು ಹುಡುಕುವುದು ಆ ದಿನಗಳ ಪದ್ಧತಿ. ವಿಲ್ಸ್ ಅವರು ಗಡಿಗೆಯೊಳಕ್ಕೂ ನೋಡಿದರು. ಯಾವ ಮನೆಯಲ್ಲಿ ಏನು ಬೇಯುತ್ತದೆ, ಅದರಲ್ಲಿ ಹೆಂಗಸಿನ ಪಾಲಿಗೆ ಬರುವುದೆಷ್ಟು ಎಂಬುದನ್ನು ವಿಚಾರಿಸಿದರು. ಬಡ ಮುಸಲ್ಮಾನ ಕುಟುಂಬಗಳಲ್ಲಿ ಗರ್ಭಿಣಿಯ ಆಹಾರವು ತೀರ ಕಳಪೆಯಾಗಿತ್ತು. ಈ ಬಿಳುಪೂ ಅಲ್ಲಿಯೇ ಅತಿಶಯವಾಗಿತ್ತು. ಹಣವುಳ್ಳವರಲ್ಲಿ ರೋಗ ವಿರಳ. ಬಳಿಕ ಆಕೆ ಇಲಿಗಳಿಗೂ, ಅನಂತರ ಕೋತಿಗಳಿಗೂ ಅದೇ ಬಗೆಯ ಆಹಾರವನ್ನು ಕೊಟ್ಟು ನೋಡಿದರು, ಅವೂ ಬಿಳಿಚಿದವು. ಇಲಿಗಳಲ್ಲಿ ಹೇನಿನಿಂದ ಹರಡುವ ಬೇರೊಂದು ಸೋಂಕು ಸೇರಿಕೊಂಡು ಲೆಕ್ಕ ಕೆಡಿಸಿತು. ಕೋತಿಗಳು ಮಾತ್ರ ಒಂದು ಕಪ್ಪು ಲೇಹ್ಯವನ್ನು ತಿಂದು ಚೇತರಿಸಿಕೊಂಡವು. ಅದರ ಹೆಸರು ಮಾರ್ಮೈಟ್. ಬೀರು ತಯಾರಿಸುವ ಕಡೆ ಉಳಿಯುವ ಯೀಸ್ಟಿನಿಂದ ಮಾಡಿದ್ದು. ಇಂಗ್ಲೆಂಡಿನಲ್ಲಿ ರೊಟ್ಟಿಗೆ ಸವರಿಕೊಂಡು ತಿನ್ನುವ ಅಗ್ಗದ ಪದಾರ್ಥ. ಅದರ ರುಚಿಯನ್ನು ಹೊಗಳುವವರು ಅಲ್ಲಿಯೂ ಎಲ್ಲರಲ್ಲ.

ಗರ್ಭಿಣಿಯರಿಗೆ ಅದನ್ನು ಕೊಟ್ಟಾಗ ಕೆಲವೇ ದಿನಗಳಲ್ಲಿ ಹಸಿವು ಮರಳಿತು; ರಕ್ತದಲ್ಲಿ ಹೊಸ ಕಣಗಳು ಕಾಣಿಸಿಕೊಂಡವು. ೧೯೩೧ರಲ್ಲಿ ಈ ಸಂಗತಿಯು ಬ್ರಿಟಿಷ್ ಮೆಡಿಕಲ್ ಜರ್ನಲ್ ಪತ್ರಿಕೆಯಲ್ಲಿ ಅಚ್ಚಾಯಿತು. ಹಸಿಯ ಪಿತ್ತಜನಕಾಂಗವನ್ನು ತಿನ್ನಿಸಿ ರಕ್ತಹೀನತೆಯ ಒಂದು ಮಾರಕ ಬಗೆಯನ್ನು ಗುಣಪಡಿಸುವ ಕ್ರಮವನ್ನು ಅಮೆರಿಕದ ವೈದ್ಯರು ೧೯೨೬ರಲ್ಲಿಯೇ ತೋರಿಸಿದ್ದರು. ಆದರೆ ಅದು ದುಬಾರಿ. ಮೇಲಾಗಿ ಮಾಂಸ ಮುಟ್ಟದವರು ಏನು ಮಾಡಬೇಕು? ಯೀಸ್ಟಾದರೋ ಎಲ್ಲರಿಗೂ ಸಲ್ಲುತ್ತಿತ್ತು.

ಆ ಲೇಹ್ಯದೊಳಗಿನ ಗುಣಕಾರಿ ವಸ್ತು ಯಾವುದೆಂಬುದು ಒಡನೆಯೇ ಗೊತ್ತಾಗಲಿಲ್ಲ. ಹತ್ತು ವರ್ಷಗಳವರೆಗೆ ಅದು ಹೆಸರಿಲ್ಲದ ದೇವರಂತೆ ಇತ್ತು. ೧೯೪೧ರಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ವಿಜ್ಞಾನಿಗಳು ಸುಮಾರು ನಾಲ್ಕು ಟನ್ ಪಾಲಕ್ ಸೊಪ್ಪನ್ನು ಅರೆದು, ಸೋಸಿ, ಚಿಟಿಕೆಯಷ್ಟು ಸತ್ತ್ವವನ್ನು ತೆಗೆದರು. ಎಲೆಗೆ ಲ್ಯಾಟಿನ್ನಿನಲ್ಲಿ ಫೋಲಿಯಮ್ ಎನ್ನುವುದರಿಂದ ಅದಕ್ಕೆ ಫೋಲಿಕ್ ಆಮ್ಲವೆಂದು ಹೆಸರಿಟ್ಟರು. ನಮ್ಮವರು ಕಂಡುಹಿಡಿದಿದ್ದರೆ ಪರ್ಣಾಮ್ಲವಾಗುತ್ತಿತ್ತು. ೧೯೪೫ರ ವೇಳೆಗೆ ಅದನ್ನು ಪ್ರಯೋಗಶಾಲೆಯಲ್ಲಿಯೇ ತಯಾರಿಸುವ ವಿಧಾನವೂ ಸಿದ್ಧಿಸಿತು. ಮೈಯಲ್ಲಿ ಹೊಸ ಜೀವಕೋಶಗಳು ಹುಟ್ಟಬೇಕಾದಲ್ಲೆಲ್ಲ ಈ ಆಮ್ಲ ಬೇಕು. ಹೊಟ್ಟೆಯಲ್ಲಿ ಇನ್ನೊಂದು ಜೀವವನ್ನು ಕಟ್ಟುತ್ತಿರುವ ತಾಯಿಗೆ ಅದು ಇನ್ನೂ ಹೆಚ್ಚಾಗಿ ಬೇಕು.

ಕಥೆ ಇಲ್ಲಿಗೇ ಮುಗಿಯಲಿಲ್ಲ. ಬೆನ್ನುಹುರಿ ಸರಿಯಾಗಿ ಮುಚ್ಚಿಕೊಳ್ಳದೆ ಹುಟ್ಟುವ ಶಿಶುಗಳ ವಿಚಾರವನ್ನು ತಾವು ಕೇಳಿರಬಹುದು. ಅಂಥ ಶಿಶುವನ್ನು ಒಮ್ಮೆ ಹೆತ್ತಿದ್ದ ತಾಯಂದಿರಿಗೆ ಮುಂದಿನ ಬಸುರಿಗೆ ಮುಂಚಿನಿಂದಲೇ ಫೋಲಿಕ್ ಆಮ್ಲವನ್ನು ಕೊಟ್ಟರೆ ಆ ದೋಷವು ಮರುಕಳಿಸುವ ಸಂಭವವು ಶೇಕಡ ೭೨ರಷ್ಟು ತಗ್ಗುವುದೆಂದು, ಏಳು ದೇಶಗಳಲ್ಲಿ ನಡೆದ ಪರೀಕ್ಷೆಯೊಂದು ೧೯೯೧ರಲ್ಲಿ ತೋರಿಸಿಕೊಟ್ಟಿತು. ಆ ಮುಚ್ಚಿಕೊಳ್ಳುವ ಕಾರ್ಯವು ಗರ್ಭ ನಿಂತ ಮೊದಲ ನಾಲ್ಕು ವಾರಗಳಲ್ಲಿಯೇ ಮುಗಿದುಹೋಗುತ್ತದೆ. ಎಷ್ಟೋ ಮಂದಿಗೆ ತಾವು ಬಸುರಿಯೆಂದು ಆಗ ತಿಳಿದೇ ಇರುವುದಿಲ್ಲ. ಆದಕಾರಣ ಮದುವೆಯಾಗಿ ಮಗುವನ್ನು ಬಯಸುವವರು ಮೊದಲೇ ವೈದ್ಯರನ್ನು ಕಂಡು ಈ ಮಾತ್ರೆಯನ್ನು ಕೇಳಿ ಪಡೆಯುವುದು ಲೇಸು.

ಇನ್ನು ನಮ್ಮ ಅಡಿಗೆಮನೆಯ ಮಾತು. ಹರಿವೆ, ದಂಟು, ಪಾಲಕ್, ನುಗ್ಗೆಯ ಸೊಪ್ಪು, ಹೆಸರು, ಕಡಲೆ, ಅಲಸಂದೆ, ಇವೆಲ್ಲ ಪರ್ಣಾಮ್ಲದ ಭಂಡಾರಗಳೇ. ಆದರೆ ಅದು ಬಹಳ ಹೊತ್ತು ಕುದಿಸಿದರೆ ಕೆಡುತ್ತದೆ. ನೀರಿಗೆ ಇಳಿದು ಬಸಿದುಹೋಗುತ್ತದೆ. ಸೊಪ್ಪನ್ನೂ ಕಾಳನ್ನೂ ಬೇಯಿಸಿ, ಬಸಿದ ಕಟ್ಟಿನಿಂದಲೇ ಸಾರು ಮಾಡುವ ನಮ್ಮ ಹಳೆಯ ಮೈಸೂರಿನ ಕಡೆಯ ಬಸ್ಸಾರು ಬಲು ಜಾಣ ಅಡಿಗೆ. ವಿಜ್ಞಾನವನ್ನು ಕೇಳಿ ಮಾಡಿದ್ದಲ್ಲ, ಏನನ್ನೂ ಚೆಲ್ಲಬಾರದೆಂಬ ಮಿತವ್ಯಯದಿಂದ ಹುಟ್ಟಿದ್ದು. ಇದೇ ಮನೆಗಳಲ್ಲಿ ಸೊಪ್ಪು ಶೀತ, ಕಾಳು ವಾಯು ಎಂದು ಬಸುರಿ ಬಾಣಂತಿಯರ ಎಲೆಯಿಂದ ಎರಡನ್ನೂ ತೆಗೆದಿಡುವುದೂ ಉಂಟು. ಅದು ಪಥ್ಯವಲ್ಲ, ಅರೆ ಉಪವಾಸ. ಎಲ್ಲರೂ ಉಂಡ ಮೇಲೆ ತಳದಲ್ಲಿ ಉಳಿದದ್ದು ಹೆಂಗಸಿಗೆ ಎಂಬ ಪದ್ಧತಿಯನ್ನು ಯಾವ ಮಾತ್ರೆಯೂ ಸರಿಪಡಿಸಲಾರದು.

೨೦೧೯ರಿಂದ ೨೧ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ೧೫ರಿಂದ ೪೯ ವಯಸ್ಸಿನ ಹೆಂಗಸರಲ್ಲಿ ರಕ್ತಹೀನರು ದೇಶದಲ್ಲಿ ಶೇಕಡ ೫೭. ಕರ್ನಾಟಕದಲ್ಲಿ ಶೇಕಡ ೪೮ರ ಸುಮಾರು. ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆಗಳನ್ನು ಹಂಚುವ ರಾಷ್ಟ್ರೀಯ ಯೋಜನೆಯು ೧೯೭೦ರಲ್ಲಿಯೇ ಆರಂಭವಾಯಿತು. ಈಗ ಗರ್ಭಿಣಿಯರಿಗೆ ನಾಲ್ಕನೆಯ ತಿಂಗಳಿಂದ ದಿನಕ್ಕೊಂದರಂತೆ ೧೮೦ ದಿನ ಕೆಂಪು ಮಾತ್ರೆ. ಹೆರಿಗೆಯಾದ ಮೇಲೆ ಮತ್ತೆ ಅಷ್ಟೇ ದಿನ. ಶಾಲೆಯ ಹೆಣ್ಣುಮಕ್ಕಳಿಗೆ ವಾರಕ್ಕೊಂದು ನೀಲಿ ಮಾತ್ರೆ. ನುಂಗಿದಂತೆ ಮಾಡಿ ಲಂಗದ ಜೇಬಿಗೆ ಸೇರಿಸುವ ಚತುರೆಯರನ್ನು ನಮ್ಮಂಥ ಉಪಾಧ್ಯಾಯರು ಬಲ್ಲೆವು. ಹೊಟ್ಟೆ ತೊಳಸುತ್ತದೆ, ಮಲ ಕಪ್ಪಾಗುತ್ತದೆ ಎಂಬುದು ಅವರ ದೂರು. ಕಪ್ಪಾಗುವುದು ಕಬ್ಬಿಣದ ಗುಣ, ಅಂಜಬೇಕಾಗಿಲ್ಲ. ತೊಳಸುವವರು ಊಟವಾದ ಮೇಲೆ ನುಂಗಬೇಕು. ಊಟದಲ್ಲಿ ನಿಂಬೆಯ ಹುಳಿ ಇದ್ದರೆ ಕಬ್ಬಿಣವು ಚೆನ್ನಾಗಿ ಮೈಗೆ ಹತ್ತುತ್ತದೆ. ಕಾಫಿ, ಚಹ ಮಾತ್ರ ಅದನ್ನು ತಡೆಯುತ್ತವೆ. ಮಾತ್ರೆ ನುಂಗಿ ಒಂದೆರಡು ಗಂಟೆ ಕಳೆದ ಮೇಲೆ ಕಾಫಿಯ ಲೋಟವನ್ನು ಎತ್ತಬಹುದು.